ಬಿರಿದ ಹೊಗೆಕೊಳವೆಯ ದುರಸ್ತಿ



ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ರೂಪಿಸಿದ ಒಲೆಯೂ ಅಂತಹ ಇತರ ಒಲೆಗಳೂ ಅನೇಕ ಹಳ್ಳಿಗಳ ಅಡಿಗೆಮನೆಗೆ ಹೊಗೆಕೊಳವೆಯನ್ನು ತಂದುವು. ಗ್ಯಾಸು ಬಂದ ಮನೆಯಲ್ಲಿಯೂ ನೀರು ಕಾಯಿಸಲು ಕಟ್ಟಿಗೆಯೇ ಬೇಕಾಗುವುದುಂಟು. ಕೊಳವೆ ಬಿರಿದರೆ ಹೆಂಗಸರ ಕಣ್ಣಿಗೂ ಎದೆಗೂ ಹಾನಿ. ಸಂದಿನಿಂದ ಕಿಡಿ ಹಾರಿದರೆ ಮಾಡಿನ ಜಂತೆಗೂ ಅಪಾಯ.

ಕೊಳವೆ ಕಲ್ನಾರು ಸಿಮೆಂಟಿನದಾದರೆ ಉಜ್ಜತಕ್ಕದ್ದಲ್ಲ, ಕೊಯ್ಯತಕ್ಕದ್ದಲ್ಲ. ಅದರ ಧೂಳು ಶ್ವಾಸಕೋಶಕ್ಕೆ ವಿಷಪ್ರಾಯವು. ನೀರಿನಿಂದ ತೋಯಿಸಿ, ಇಡಿಯಾಗಿ ಇಳಿಸಿ, ಬೇರೆ ಕೊಳವೆಯನ್ನು ಹಾಕಿಸಿರಿ. ತುಕ್ಕು ತಿಂದು ತೂತಾದ ತಗಡನ್ನೂ ಬದಲಿಸಬೇಕು. ಸ್ವತಃ ಮೆತ್ತಿ ಸರಿಪಡಿಸಬಹುದಾದದ್ದು ಮಣ್ಣಿನ ಕೊಳವೆ, ಇಟ್ಟಿಗೆಯ ಹೊಗೆಗೂಡು ಇವೆರಡೇ.

ಒಲೆಯನ್ನು ಆರಿಸಿ ಒಂದು ರಾತ್ರಿ ತಣಿಯಬಿಡಿರಿ. ಒಲೆಯ ಬಾಯಿಗೆ ಹಸಿಗೋಣಿ ಮುಚ್ಚಿ, ಹಗ್ಗಕ್ಕೆ ಗೋಣಿಯ ಉಂಡೆಯನ್ನು ಕಟ್ಟಿ ಮೇಲಿನಿಂದ ಇಳಿಬಿಟ್ಟು ಎಳೆದಾಡಿದರೆ ಮಸಿ ಉದುರುವುದು. ಈ ಮಸಿಯೇ ಕೆಲವೊಮ್ಮೆ ಹೊತ್ತಿ ಉರಿಯುವುದು.

ಅನೇಕರು ತಪ್ಪುವುದು ಮೆತ್ತುವ ಮಣ್ಣಿನಲ್ಲಿ. ಹೊಲದ ಎರೆಮಣ್ಣು ಒಣಗುತ್ತ ಕುಗ್ಗಿ ಬಿರಿಯುವುದು. ಸಿಮೆಂಟು ಒಲೆಯ ಶಾಖಕ್ಕೆ ಸೀಳುವುದು. ಆದಕಾರಣ ಹುತ್ತದ ಮಣ್ಣಿಗೆ ಮರಳು, ಸಗಣಿ, ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು ಬೆರೆಸಿ, ಚೆನ್ನಾಗಿ ತುಳಿದು, ಒಂದು ರಾತ್ರಿ ನೆನೆಯಿಡಿರಿ. ಮೊದಲು ಅಂಗೈಯಗಲದ ಬಿಲ್ಲೆಯನ್ನು ತಟ್ಟಿ ಒಣಗಿಸಿ ನೋಡಿರಿ. ಬಿರಿದರೆ ಮರಳು ಸಾಲದು. ಪುಡಿಯಾದರೆ ಮಣ್ಣು ಸಾಲದು. ಬಿರುಕನ್ನು ಕೆರೆದು, ನೀರು ಚಿಮುಕಿಸಿ, ಈ ಮಣ್ಣನ್ನು ಒಳಕ್ಕೆ ಒತ್ತಿ ತುಂಬಿರಿ. ಒಣಗಿಸಲು ಬೆಂಕಿ ಹಾಕುವ ಆತುರ ಬೇಡ.

ಪೂರ್ತಿ ಒಣಗಿದ ಮೇಲೆ ಒಲೆಯಲ್ಲಿ ಹಸಿಹುಲ್ಲಿನ ಹೊಗೆಯನ್ನೆಬ್ಬಿಸಿ, ಬಾಗಿಲು ತೆರೆದಿಟ್ಟು, ಸಂದುಗಳನ್ನು ನೋಡಿರಿ. ಹೊಗೆ ಒಸರಿದಲ್ಲಿ ಮತ್ತೆ ಮೆತ್ತತಕ್ಕದ್ದು.