ಅಜ್ಜನ ಸಣ್ಣ ಗಾಡಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹಳೆಯ ವಿದ್ಯಾರ್ಥಿ ಎಂದು ನನ್ನನ್ನು ಕರೆದು ಎರಡು ಮಾತು ಆಡಲು ಹೇಳಿದ್ದಾರೆ. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ನಮ್ಮ ಕೆಲಸ ಕೈಗೆ ಸಿಗುವಂಥದ್ದಲ್ಲ. ಹತ್ತು ವರ್ಷ ದುಡಿದು ಏನು ಮಾಡಿದೆ ಎಂದು ಅವ್ವ ಕೇಳಿದರೆ ತೆಗೆದು ತೋರಿಸಲು ನನ್ನ ಹತ್ತಿರ ಒಂದು ವಸ್ತುವೂ ಇರಲಿಲ್ಲ. ಆದ್ದರಿಂದ ಈ ಸಲ ಒಂದು ವಸ್ತುವನ್ನೇ ಹೊತ್ತು ತಂದಿದ್ದೇನೆ. ನಿನ್ನೆಯಿಂದ ವಿಜ್ಞಾನದ ಕೋಣೆಯಲ್ಲಿ ತಾವೆಲ್ಲ ನೋಡುತ್ತಿರುವ ಆ ಎಂಟು ಅಡಿಯ ರೈಲು. ಅದರ ಕಥೆ ಹೇಳುತ್ತೇನೆ, ಅದು ನಿನ್ನೆ ಕೆಟ್ಟು ನಿಂತದ್ದನ್ನೂ ಸೇರಿಸಿ.

ನಮ್ಮ ಅಜ್ಜನನ್ನು ಈ ಊರಿನವರೆಲ್ಲ ಬಲ್ಲಿರಿ. ಬೆಳಗಾವಿಯ ರವಿವಾರ ಪೇಟೆಯ ದಲಾಲಿ ಅಂಗಡಿಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಹಮಾಲಿ ಮಾಡಿದವನು. ಬೆಳಗಿನ ಪ್ಯಾಸೆಂಜರಿಗೆ ಖಾನಾಪುರದಲ್ಲಿ ಹತ್ತಿ, ಬೆಳಗಾವಿ ಸ್ಟೇಷನ್ನಿನಿಂದ ಪೇಟೆಯತನಕ ನಡೆದು ಹೋಗುತ್ತಿದ್ದ. ರಾತ್ರಿ ಮನೆಗೆ ಬಂದಾಗ ಅವನ ಅಂಗಿಯಿಂದ ಮೆಣಸಿನಕಾಯಿ ಘಾಟು ಬರುತ್ತಿತ್ತು. ವರ್ಷಕ್ಕೊಮ್ಮೆ ಪಂಢರಪುರದ ವಾರಿ ಮಾತ್ರ ಅವನು ತಪ್ಪಿಸಿದವನಲ್ಲ. 2001ರಲ್ಲಿ ನನ್ನ ಏಳನೇ ಇಯತ್ತೆ ಪರೀಕ್ಷೆ ಮುಗಿದ ಮೇಲೆ ನನ್ನನ್ನೂ ಕರೆದುಕೊಂಡು ಹೋದ. ಮಿರಜದ ತನಕ ದೊಡ್ಡ ಗಾಡಿ. ಅಲ್ಲಿಂದ ಪಂಢರಪುರಕ್ಕೆ ಅಜ್ಜ ಹೇಳುತ್ತಿದ್ದ ಸಣ್ಣ ಗಾಡಿ.

ಆ ಸಣ್ಣ ಗಾಡಿಯ ಹಳಿಗಳ ನಡುವಿನ ಅಂತರ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ನಮ್ಮ ಖಾನಾಪುರ, ಲೋಂಡಾ ಮೇಲೆ ಮೊದಲು ಓಡುತ್ತಿದ್ದ ಮೀಟರ್ ಗೇಜಿಗಿಂತ ಅದು ಸಣ್ಣದು. ಈಗಿನ ಬ್ರಾಡ್ ಗೇಜ್ 1676 ಮಿಲಿಮೀಟರ್. ಅದರ ಮುಂದೆ ಸಣ್ಣ ಗಾಡಿ ಅರ್ಧಕ್ಕೂ ಕಡಿಮೆ. ಮಿರಜ ಸ್ಟೇಷನ್ನಿಗೆ ಒಂದು ಕಾಲಕ್ಕೆ ಈ ಮೂರೂ ಅಳತೆಯ ಗಾಡಿಗಳು ಬರುತ್ತಿದ್ದವು. ಒಂದರಿಂದ ಇಳಿಸಿದ ಸರಕನ್ನು ಇನ್ನೊಂದಕ್ಕೆ ಏರಿಸಲೇಬೇಕು, ಯಾಕೆಂದರೆ ಒಂದರ ಗಾಲಿ ಇನ್ನೊಂದರ ಹಳಿಗೆ ಕೂಡುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಕೊನೆಗೆ ಬೇಕಾಗುತ್ತದೆ.

ಆ ಮಾರ್ಗದ ಹೆಸರು ಬಾರ್ಸಿ ಲೈಟ್ ರೈಲ್ವೆ. ಅದನ್ನು ಕಟ್ಟಿದವರು ಎವರಾರ್ಡ್ ಕ್ಯಾಲ್ತ್ರಪ್ ಎಂಬ ಇಂಗ್ಲೆಂಡಿನ ಎಂಜಿನಿಯರ್. ಮೊದಲ ತುಂಡು ಕುರ್ಡುವಾಡಿಯಿಂದ ಬಾರ್ಸಿಗೆ 1897ರಲ್ಲಿ ಶುರುವಾಯಿತು. ಹಂತಹಂತವಾಗಿ ಬೆಳೆದು 1927ರಲ್ಲಿ ಮಿರಜಕ್ಕೆ ಬಂದು ಮುಟ್ಟಿತು. ಲಾತೂರಿನಿಂದ ಮಿರಜದವರೆಗೆ ಒಟ್ಟು 325 ಕಿಲೋಮೀಟರ್. ಕ್ಯಾಲ್ತ್ರಪ್ ಅವರ ಲೆಕ್ಕ ಬಹಳ ಸರಳ. ಎಂಜಿನ್ನಿರಲಿ, ಸಾಮಾನಿನ ಡಬ್ಬಿಯಿರಲಿ, ಯಾವ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು. ಭಾರ ಸಮನಾಗಿ ಹಂಚಿದರೆ ಹಗುರ ಹಳಿ ಸಾಕು. ಹಳಿ ಹಗುರವಾದರೆ ಖರ್ಚು ಕಡಿಮೆ. ಖರ್ಚು ಕಡಿಮೆಯಾದರೆ ಬಡ ಊರಿಗೂ ರೈಲು ಬರುತ್ತದೆ. ಈ ಮಾತನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲವೆಂದು, ಗಾಡಿಗಳನ್ನು ಹಡಗಿಗೆ ಏರಿಸುವ ಮೊದಲು ಇಂಗ್ಲೆಂಡಿನ ಲೀಡ್ಸ್ ಹತ್ತಿರದ ನ್ಯೂಲೇ ಎಂಬಲ್ಲಿ ಸ್ವಲ್ಪ ದೂರ ಹಳಿ ಹಾಸಿ, ರೈಲ್ವೆ ಬಲ್ಲವರನ್ನು ಕರೆದು ಓಡಿಸಿ ತೋರಿಸಿದರು. ಅಂದರೆ ನಮ್ಮ ಅಜ್ಜನ ಸಣ್ಣ ಗಾಡಿಯೂ ಮೊದಲು ಒಂದು ಪ್ರದರ್ಶನದಲ್ಲಿ ಓಡಿಯೇ ಈ ಕಡೆಗೆ ಬಂದದ್ದು.

ನಮ್ಮ ರಾಜ್ಯದಲ್ಲೂ ಇಂಥ ಸಣ್ಣ ಹಳಿಗಳಿದ್ದವು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು, ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಮೇಲೆ ಕೋಲಾರಕ್ಕೆ ಇನ್ನೊಂದು. ಈಗ ಅವು ಇಲ್ಲ. ಮಿರಜ–ಪಂಢರಪುರ ಮಾರ್ಗವೂ ಈಗ ಪೂರ್ತಿ ಬ್ರಾಡ್ ಗೇಜ್. ಅದು ಒಳ್ಳೆಯದೇ. ಜನರಿಗೆ ಬೇಗ ಹೋಗಬೇಕು, ಸರಕು ಬೇಗ ಮುಟ್ಟಬೇಕು. ಆದರೆ ಅಜ್ಜನಿಗೆ ವಯಸ್ಸಾಗಿ ಪಂಢರಪುರಕ್ಕೆ ಹೋಗುವುದು ನಿಂತ ಮೇಲೆ ಅವನು ಕೇಳುತ್ತಿದ್ದದ್ದು ಒಂದೇ ಮಾತು: "ಸಣ್ಣ ಗಾಡಿ ಇನ್ನೂ ಐತೇನಪಾ?" ಇಲ್ಲ ಎಂದು ಪ್ರತಿ ಸಲ ಹೇಳುವುದು ನನಗೆ ಕಷ್ಟವಾಯಿತು. ಅದಕ್ಕೆ ಮಾಡಲು ಕೂತೆ.

ಪುಣೆಯಲ್ಲಿ ಜೋಶಿಯವರ ಪುಟಾಣಿ ರೈಲುಗಳ ಮ್ಯೂಸಿಯಂ ಇದೆ. ಮೈಸೂರಿನಲ್ಲಿ 1979ರಿಂದ ರೈಲು ಮ್ಯೂಸಿಯಂ ಇದೆ, ಹುಬ್ಬಳ್ಳಿಯಲ್ಲಿ 2020ರಲ್ಲಿ ಆಯಿತು. ಮಕ್ಕಳೆ, ಹುಬ್ಬಳ್ಳಿಗೆ ಹೋದಾಗ ತಪ್ಪದೆ ನೋಡಿ. ನಾನು ಅವನ್ನೆಲ್ಲ ನೋಡಿಬಂದು ಮೊದಲು ಮಾಡಿದ್ದು ಒಂದು ಭಾಗಾಕಾರ. ಪ್ರಪಂಚದಲ್ಲಿ ಮಾದರಿ ರೈಲು ಮಾಡುವವರು ಬಹಳಷ್ಟು ಜನ ಬಳಸುವ ಅಳತೆ 87ಕ್ಕೆ 1. ಅಂದರೆ ನಿಜವಾದ 87 ಅಡಿ ಇಲ್ಲಿ 1 ಅಡಿ. 762ನ್ನು 87ರಿಂದ ಭಾಗಿಸಿದರೆ 8.76 ಬರುತ್ತದೆ. ಪೇಟೆಯಲ್ಲಿ 9 ಮಿಲಿಮೀಟರ್ ಅಗಲದ ಪುಟ್ಟ ಹಳಿ ಸಿದ್ಧವಾಗಿಯೇ ಸಿಗುತ್ತದೆ. ಅದು ಬೇರೆಯೇ ಅಳತೆಯ ದೊಡ್ಡ ರೈಲಿಗಾಗಿ ಮಾಡಿದ್ದು, ಆದರೆ ನಮ್ಮ ಸಣ್ಣ ಗಾಡಿಗೆ ಹೊಲಿಸಿದ ಅಂಗಿಯಂತೆ ಕೂಡುತ್ತದೆ. ಎಂಜಿನ್ನಿನ ಗಾಲಿ, ಮೋಟರು ಕೊಂಡದ್ದು. ಮೇಲಿನ ಮೈ ಮತ್ತು ನಾಲ್ಕು ಡಬ್ಬಿಗಳು ರಟ್ಟಿನಲ್ಲಿ ಕತ್ತರಿಸಿ ಮಾಡಿದ್ದು. ಪೂರ್ತಿ 325 ಕಿಲೋಮೀಟರ್ ಈ ಅಳತೆಯಲ್ಲಿ ಹಾಸಬೇಕೆಂದರೂ ಮೂರೂಮುಕ್ಕಾಲು ಕಿಲೋಮೀಟರ್ ಬೇಕು. ಅದಕ್ಕೆ ಎಡಗಡೆ ಮಿರಜ, ಬಲಗಡೆ ಪಂಢರಪುರ, ನಡುವೆ ಒಂದು ಸ್ಟೇಷನ್, ಒಂದು ಗೇಟು, ಒಂದು ದಿಂಡಿ, ಇಷ್ಟಕ್ಕೇ ಮುಗಿಸಿದೆ.

ಉಳಿದ ಸಾಮಾನೆಲ್ಲ ನಮ್ಮ ಮನೆಗಳಲ್ಲಿ ಇರುವಂಥದ್ದೇ. ಕುದಿಸಿ ಸೋಸಿದ ಚಹಾಪುಡಿಯನ್ನು ಒಣಗಿಸಿ ಫೆವಿಕಾಲಿನ ಮೇಲೆ ಉದುರಿಸಿದರೆ ಆ ಕಡೆಯ ಕರಿ ಎರೆಮಣ್ಣು. ಜೋಳದ ಒಣ ತೆನೆಯ ಎಳೆಗಳು ಜಾಲಿಗಿಡ. ಕಡ್ಡಿಪೆಟ್ಟಿಗೆಯ ಕಡ್ಡಿ ತಂತಿಬೇಲಿಯ ಕಂಬ. ಗುಡ್ಡ ಥರ್ಮಾಕೋಲಿನದು. ದಿಂಡಿಯ ಭಗವಾ ಪತಾಕೆಗಳು ಅವ್ವನ ಹಳೆಯ ಸೀರೆಯ ಅಂಚು. ಎಂಟು ಅಡಿಯನ್ನು ಒಂದೇ ಹಲಗೆಯಲ್ಲಿ ಮಾಡಿದರೆ ಸಾಗಿಸಲಾಗುವುದಿಲ್ಲವೆಂದು ನಾಲ್ಕು ನಾಲ್ಕು ಅಡಿಯ ಎರಡು ಪ್ಲೈವುಡ್ ಹಲಗೆ ಮಾಡಿ ನಡುವೆ ಬೋಲ್ಟ್ ಹಾಕಿದೆ. ಗಾಡಿ ತಾನಾಗಿಯೇ ಹೊರಟು, ನಿಂತು, ವಾಪಸು ಬರಲಿ ಎಂದು ಆರ್ಡುಯಿನೋ ಎಂಬ ಸಣ್ಣ ಬೋರ್ಡಿಗೆ ಪ್ರೋಗ್ರಾಂ ಬರೆದೆ. ಎಲ್ಲಕ್ಕೂ ಎರಡು ವರ್ಷದ ರವಿವಾರಗಳು ಹಿಡಿದವು.

ಬೆಂಗಳೂರಿನ ನಮ್ಮ ಕಟ್ಟಡದಲ್ಲಿ ಒಂದು ಸಲ ಅದನ್ನು ಪ್ರದರ್ಶನಕ್ಕಿಟ್ಟಿದ್ದೆ. ಚೆನ್ನಾಗಿ ಓಡಿತು. ಜನ ಫೋಟೋ ತೆಗೆದುಕೊಂಡು ಮುಂದೆ ಹೋದರು. ನನಗೆ ಬಹಳ ಧೈರ್ಯ ಬಂತು.

ನಿನ್ನೆ ಏನಾಯಿತು ಎನ್ನುವುದನ್ನು ತಾವೇ ನೋಡಿದ್ದೀರಿ. ಅಜ್ಜನನ್ನು ಕುರ್ಚಿಯಲ್ಲಿ ಕೂಡಿಸಿಕೊಂಡು ತಂದೆವು. ಎಂಬತ್ತೆಂಟು ವರ್ಷ. ಕೋಣೆ ತುಂಬ ಜನ. ಬಟನ್ ಒತ್ತಿದೆ. ಗಾಡಿ ಮಿರಜ ಬಿಟ್ಟು ನಾಲ್ಕು ಅಡಿ ಬಂದು ಟಕ್ಕೆಂದು ನಿಂತಿತು. ಬೆರಳಿನಿಂದ ತಳ್ಳಿದೆ, ಹೋಯಿತು. ಮತ್ತೆ ಬಿಟ್ಟೆ, ಅಲ್ಲೇ ನಿಂತಿತು. ಹಿಂದಿನಿಂದ ಯಾರೋ ನಕ್ಕರು. ನಾನು ಲ್ಯಾಪ್‌ಟಾಪ್ ತೆಗೆದು ಪ್ರೋಗ್ರಾಂ ನೋಡಲು ಕೂತೆ. ಹತ್ತು ನಿಮಿಷ, ಹದಿನೈದು ನಿಮಿಷ. ಎಲ್ಲ ಸರಿಯಾಗಿಯೇ ಇತ್ತು. ಅಜ್ಜ ಸುಮ್ಮನೆ ಕೂತಿದ್ದ. ಅವನ ಮುಖ ನೋಡುವ ಧೈರ್ಯ ನನಗೆ ಆಗಲಿಲ್ಲ.

ಆಗ ಒಂಬತ್ತನೇ ಇಯತ್ತೆಯ ಒಬ್ಬ ಹುಡುಗಿ ಬಂದು, "ಸರ್, ಇಲ್ಲಿ ಒತ್ತಿ ಹಿಡದ್ರ ಓಡತೈತ್ರಿ" ಅಂದಳು. ಎರಡು ಹಲಗೆ ಕೂಡುವ ಕಡೆ ಅವಳು ಬೆರಳಿಟ್ಟಿದ್ದಳು. ನಾನು ಬಗ್ಗಿ ನೋಡಿದೆ. ನಮ್ಮ ಖಾನಾಪುರದ ಹವೆ ತಮಗೆ ಗೊತ್ತು. ಹಲಗೆಗಳನ್ನು ಮಳೆಗಾಲದ ಮೊದಲೇ ತಂದು ಮನೆಯ ಅಟ್ಟದ ಮೇಲೆ ಇಟ್ಟಿದ್ದೆ. ತೇವಕ್ಕೆ ಒಂದು ಹಲಗೆ ಕೂದಲೆಳೆಯಷ್ಟು ಬಾಗಿ, ಅಲ್ಲಿ ಹಳಿ ತಗ್ಗಾಗಿತ್ತು. ಈ ರೈಲಿನಲ್ಲಿ ಕರೆಂಟು ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟರಿಗೆ ಹೋಗುತ್ತದೆ. ಗಾಲಿ ಹಳಿಗೆ ತಾಕದಿದ್ದರೆ ಯಾವ ಪ್ರೋಗ್ರಾಮೂ ನಡೆಯುವುದಿಲ್ಲ. ಅವಳು ತನ್ನ ಪಾಟಿಚೀಲದಿಂದ ಒಂದು ಬಸ್ ಟಿಕೆಟ್ ತೆಗೆದು ನಾಲ್ಕು ಮಡಿಕೆ ಮಾಡಿ ಹಳಿಯ ಕೆಳಗೆ ತುರುಕಿದಳು. ಗಾಡಿ ಪಂಢರಪುರ ಮುಟ್ಟಿತು. ತಾವೆಲ್ಲ ಚಪ್ಪಾಳೆ ಹೊಡೆದಿರಿ.

ನಾನು ಅಜ್ಜನ ಕಡೆ ನೋಡಿದೆ. ಅವನು ಅಳುತ್ತಾನೆ, ಬೆನ್ನು ತಟ್ಟುತ್ತಾನೆ ಎಂದೆಲ್ಲ ಎರಡು ವರ್ಷದಿಂದ ಅಂದುಕೊಂಡಿದ್ದೆ. ಅವನು ಹೇಳಿದ: "ತಮ್ಮಾ, ಗಾಡಿ ಬಾಳ ಜೋರ ಓಡಾಕತ್ತೈತಿ. ಇದು ನಮ್ಮ ಗಾಡಿ ಅಲ್ಲ."

ಕರಿಹಲಗೆಯ ಮೇಲೆ ಮಕ್ಕಳಿಂದಲೇ ಲೆಕ್ಕ ಮಾಡಿಸಿದೆ. ಎಂಟು ಅಡಿ ಅಂದರೆ 244 ಸೆಂಟಿಮೀಟರ್. ಗಾಡಿ ಅದನ್ನು 6 ಸೆಕೆಂಡಿನಲ್ಲಿ ಓಡುತ್ತಿತ್ತು. 87ರಿಂದ ಗುಣಿಸಿದರೆ ಗಂಟೆಗೆ ಸುಮಾರು 127 ಕಿಲೋಮೀಟರ್! ಪಾಪ, ಸಣ್ಣ ಗಾಡಿ ಆ ವೇಗ ಕನಸಿನಲ್ಲೂ ಕಂಡಿರಲಿಲ್ಲ. ಗಂಟೆಗೆ 30 ಕಿಲೋಮೀಟರ್ ಇಟ್ಟರೆ ಅಷ್ಟೇ ಹಾದಿಗೆ 25 ಸೆಕೆಂಡು ಬೇಕು. ಪ್ರೋಗ್ರಾಮಿನಲ್ಲಿ ಒಂದು ಸಂಖ್ಯೆ ಇಳಿಸಿದೆ. ನಿಧಾನವಾಗಿ ಓಡುವ ಗಾಡಿಗೆ ಹಳಿ ಇನ್ನೂ ಸ್ವಚ್ಛ ಇರಬೇಕು; ಮಕ್ಕಳು ಅರಿವೆಗೆ ಸ್ಪಿರಿಟ್ ಹಚ್ಚಿಕೊಂಡು ಹಳಿ ಒರೆಸಿದರು. ಈಗ ಅಜ್ಜ ತಲೆದೂಗಿದ. ನಡುವಿನ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಅವನು ಬಗ್ಗಿ, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ:

"ಗಾಡಿ ಬಂದು ನಿಂತೈತಿ. ಚೀಲ ಇಳಸವ್ರು ಎಲ್ಲೆದಾರ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಸ್ಟೇಷನ್ ಮಾಸ್ತರರನ್ನು ಮಾಡಿದ್ದೆ, ಹಸಿರು ಬಾವುಟ ಹಿಡಿದ ಗಾರ್ಡನ್ನು ಮಾಡಿದ್ದೆ, ವಾರಕರಿಗಳನ್ನು ಮಾಡಿದ್ದೆ. ಚಹಾ ಮಾರುವವನೂ ಇದ್ದ, ಒಂದು ನಾಯಿಯೂ ಇತ್ತು. ಹಮಾಲ ಇರಲಿಲ್ಲ. ಯಾರ ಬೆನ್ನಿನ ಮೇಲೆ ಬಂದ ದುಡ್ಡಿನಿಂದ ನನ್ನ ಅಪ್ಪ ಶಾಲೆ ಕಲಿತನೋ, ಯಾರ ಸಲುವಾಗಿ ಈ ರೈಲು ಮಾಡಿದೆನೋ, ಅವನನ್ನೇ ನಾನು ಮರೆತಿದ್ದೆ. ಮಿರಜದಲ್ಲಿ ಒಂದರ ಗಾಲಿ ಇನ್ನೊಂದರ ಹಳಿಗೆ ಕೂಡುವುದಿಲ್ಲ ಎಂದು ಆಗ ಹೇಳಿದೆನಲ್ಲ, ಆ ಮೂರು ಹಳಿಗಳನ್ನು ಕೂಡಿಸಿದ್ದು ಎಂಜಿನಿಯರ್ ಅಲ್ಲ, ಹಮಾಲ. ಇದು ನನ್ನ ಬಿ.ಇ. ಪುಸ್ತಕದಲ್ಲಿ ಇರಲಿಲ್ಲ. ಮನೆಯಲ್ಲಿ ಇತ್ತು, ನಾನು ನೋಡಿರಲಿಲ್ಲ.

ನಿನ್ನೆ ಸಂಜೆ ನಮ್ಮ ಶಾಲೆಯ ಐದಾರು ಮಕ್ಕಳು ಮನೆಗೆ ಹೋಗಲಿಲ್ಲ. ಖಾನಾಪುರದ ಮಣ್ಣು ಹೆಂಚಿಗೆ, ಮಡಿಕೆಗೆ ಹೆಸರಾದದ್ದು. ಕುಂಬಾರಿಕೆ ಕಲಿಸುವ ಖಾದಿ ಗ್ರಾಮೋದ್ಯೋಗದ ಸಂಸ್ಥೆಯೇ ನಮ್ಮ ತಾಲೂಕಿನ ಊರಲ್ಲಿದೆ. ಆ ಮಣ್ಣನ್ನೇ ಕಲಸಿ, ತಂತಿಯ ಎಲುಬು ಹಾಕಿ, ಮೂವರು ಹಮಾಲರನ್ನು ಮಾಡಿದರು. ಐದೂವರೆ ಅಡಿಯ ಮನುಷ್ಯ ಈ ಅಳತೆಯಲ್ಲಿ 19 ಮಿಲಿಮೀಟರ್. ಚೀಲಕ್ಕೆ ಏನು ಮಾಡುವುದು? ಕಡಲೆಕಾಳಿಗೆ ಗೋಣಿಯ ದಾರ ಸುತ್ತಿದರು. ಬೆಳಿಗ್ಗೆ ಅಜ್ಜ ಬಂದು ನೋಡಿ, ಒಬ್ಬ ಹಮಾಲ ನೆಟ್ಟಗೆ ನಿಂತಿದ್ದಾನೆಂದು ತಕರಾರು ತೆಗೆದ. ಚೀಲ ಹೊತ್ತವನು ಹಾಗೆ ನಿಲ್ಲುವುದಿಲ್ಲವಂತೆ. ತಾನೇ ಎದ್ದು, ಸೊಂಟ ಬಗ್ಗಿಸಿ, ಮಕ್ಕಳಿಗೆ ನಿಂತು ತೋರಿಸಿದ. ಮಣ್ಣು ಇನ್ನೂ ಹಸಿ ಇತ್ತು. ಸರಿಮಾಡಿದರು.

ಬಂಧುಗಳೆ, ಈ ರೈಲನ್ನು ನಾನು ಬೆಂಗಳೂರಿಗೆ ಒಯ್ಯುವುದಿಲ್ಲ. ಶಾಲೆಗೆ ಬಿಟ್ಟು ಹೋಗುತ್ತೇನೆ. ಮುಖ್ಯ ಗುರುಗಳು ಒಪ್ಪಿದ್ದಾರೆ. ಒಂದು ವಿನಂತಿ ಮಾತ್ರ ಇದೆ. ದಯವಿಟ್ಟು ಇದನ್ನು ಗಾಜಿನ ಕಪಾಟಿನಲ್ಲಿಟ್ಟು ಕೀಲಿ ಹಾಕಬೇಡಿ. ನಮ್ಮ ವಿಜ್ಞಾನದ ಗುರುಗಳು ಒಂದು ಸೆಲ್ಲು, ಒಂದು ಬಲ್ಬು, ಒಂದು ಗೇಣು ತಂತಿಯನ್ನು ನಮ್ಮ ಕೈಗೇ ಕೊಟ್ಟು ಹತ್ತಿಸಿ ನೋಡಿ ಎಂದಿದ್ದರು. ನಾನು ಎಂಜಿನಿಯರ್ ಆದದ್ದು ಆ ದಿನ. ಮಕ್ಕಳು ಮುಟ್ಟಲಿ. ಮುರಿಯಲಿ. ಮುರಿದದ್ದನ್ನು ರಿಪೇರಿ ಮಾಡಲು ಬೇಕಾದ ಇಕ್ಕಳ, ಬೆಸುಗೆ ಸಲಾಕೆ, ತಂತಿ, ಫೆವಿಕಾಲ್ ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ವರ್ಷಕ್ಕೆ ಎರಡು ಸಲ, ದೀಪಾವಳಿಗೆ ಮತ್ತು ಬೇಸಿಗೆ ರಜೆಗೆ ಮೊದಲು, ನಾನೂ ಬಂದು ಅವರ ಜೊತೆ ಕೂಡುತ್ತೇನೆ. ಇದನ್ನು ಎಲ್ಲರ ಮುಂದೆ ಹೇಳುತ್ತಿದ್ದೇನೆ, ಬರದಿದ್ದರೆ ತಾವು ಕೇಳಬಹುದು.

ಹಲಗೆಯ ಕೀಲಿನಲ್ಲಿ ಮಡಚಿಟ್ಟ ಬಸ್ ಟಿಕೆಟ್ ಹಾಗೇ ಇದೆ. ಚೊಕ್ಕ ಮಾಡುವ ಭರದಲ್ಲಿ ಯಾರೂ ಅದನ್ನು ಕಿತ್ತು ಒಗೆಯಬೇಡಿ. ಗಾಡಿ ಓಡುತ್ತಿರುವುದು ಅದರ ಮೇಲೆ.

 ಊಟವಾದ ಮೇಲೆ ವಿಜ್ಞಾನದ ಕೋಣೆಗೆ ಬನ್ನಿ. ಮಿರಜದಿಂದ ಪಂಢರಪುರಕ್ಕೆ ಇಪ್ಪತ್ತೈದು ಸೆಕೆಂಡು. ಟಿಕೆಟ್ ಇಲ್ಲ.

ಜೈ ಹಿಂದ್, ಜೈ ಕರ್ನಾಟಕ.