ಮನೆಬಾಗಿಲಿಗೆ ಬರುವ ದಾದಿ



ದಾದಿ ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರವು ಆಸ್ಪತ್ರೆಯದು: ಸಾಲುಮಂಚಗಳು, ಬಿಳಿಯ ಉಡುಪು, ಔಷಧದ ವಾಸನೆ. ಅಲ್ಲಿ ರೋಗಿಯು ದಾದಿಯ ಬಳಿಗೆ ಬರುತ್ತಾನೆ. ಬಂದವನು ಆಕೆ ಹೇಳಿದಂತೆ ಮಲಗುತ್ತಾನೆ, ಕೊಟ್ಟುದನ್ನು ಕುಡಿಯುತ್ತಾನೆ. ಈ ಹೊತ್ತು ನಾವು ಮಾತನಾಡಬೇಕೆಂದಿರುವುದು ಮತ್ತೊಬ್ಬ ದಾದಿಯ ವಿಷಯ. ಈಕೆ ತಾನೇ ಮನೆಗೆ ಹೋಗತಕ್ಕವಳು. ಎಷ್ಟೋ ವೇಳೆ ರೋಗವು ಬರುವುದಕ್ಕೆ ಮುಂಚೆಯೇ ಹೋಗತಕ್ಕವಳು. ಸಾರ್ವಜನಿಕ ಆರೋಗ್ಯ ಶುಶ್ರೂಷೆಯೆಂಬ ದೊಡ್ಡ ಹೆಸರಿನ ಶಾಸ್ತ್ರದ ತಿರುಳು, ಈ ನಡಿಗೆಯ ದಿಕ್ಕು ಬದಲಾದುದರಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ವಿಲಿಯಂ ರಾತ್‌ಬೋನ್ ಎಂಬ ಧನಿಕ ವರ್ತಕನಿದ್ದನು. 1859ರಲ್ಲಿ ಆತನ ಪತ್ನಿ ಕಾಯಿಲೆಯಿಂದ ತೀರಿಕೊಂಡಳು. ಆಕೆಯ ಕೊನೆಯ ದಿನಗಳಲ್ಲಿ ಮೇರಿ ರಾಬಿನ್‌ಸನ್ ಎಂಬ ದಾದಿಯು ಮಾಡಿದ ಆರೈಕೆಯನ್ನು ಆತನು ಕಂಡಿದ್ದನು. ಎಲ್ಲ ಅನುಕೂಲಗಳೂ ಇದ್ದ ಮನೆಗೇ ಇವಳಿಂದ ಇಷ್ಟು ನೆಮ್ಮದಿಯಾದರೆ, ಏನೂ ಇಲ್ಲದ ಬಡವರಿಗೆ ಎಷ್ಟಾಗಬೇಡವೆಂದು ಯೋಚಿಸಿ, ಮೂರು ತಿಂಗಳ ಸಂಬಳವನ್ನು ಗೊತ್ತುಮಾಡಿ ಆಕೆಯನ್ನು ಬಡವರ ಮನೆಗಳಿಗೆ ಕಳುಹಿಸಿದನು. ಒಂದು ತಿಂಗಳಿಗೆಲ್ಲ ಆಕೆ ಅಳುತ್ತ ಹಿಂದಿರುಗಿ, ಆ ಸಂಕಟವನ್ನು ನೋಡಲಾರೆನು, ತನ್ನನ್ನು ಬಿಟ್ಟುಬಿಡಬೇಕು ಎಂದಳು.

ಈ ಕಣ್ಣೀರನ್ನು ಸುಮ್ಮನೆ ದಾಟಿ ಹೋಗುವಂತಿಲ್ಲ. ಆಕೆ ಕಾಯಿಲೆಯನ್ನು ಕಂಡು ಹೆದರುವವಳಲ್ಲ. ಕಾಯಿಲೆಯೇ ಆಕೆಯ ಕಸಬು. ಆದರೆ ಧನಿಕನ ಮನೆಯಲ್ಲಿ ಕೇಳಿದಾಗ ಬಿಸಿನೀರು ಬರುತ್ತಿತ್ತು, ಒಗೆದ ಬಟ್ಟೆ ಬರುತ್ತಿತ್ತು, ಗಂಜಿ ಬರುತ್ತಿತ್ತು. ಇವು ಯಾವುವೂ ಇಲ್ಲದೆಡೆ ತಾನು ಕಲಿತ ವಿದ್ಯೆಯು ಎಷ್ಟರಮಟ್ಟಿನದೆಂಬುದು ಆಕೆಗೆ ಗೊತ್ತಾಗಿರಬೇಕು. ರಾತ್‌ಬೋನನು ಧೈರ್ಯ ಹೇಳಿ ಮತ್ತೆ ಕಳುಹಿಸಿದನು. ಮೂರು ತಿಂಗಳು ಮುಗಿದ ಮೇಲೆ, ಇದೇ ಕೆಲಸದಲ್ಲಿ ಇರುವೆನೆಂದು ಕೇಳಿಕೊಂಡವಳೂ ಆಕೆಯೇ. ಬಳಿಕ ಫ್ಲಾರೆನ್ಸ್ ನೈಟಿಂಗೇಲಳ ಸಲಹೆಯಂತೆ ಆ ನಗರದ ಆಸ್ಪತ್ರೆಯಲ್ಲಿ 1862ರಲ್ಲಿ ದಾದಿಯರ ಶಾಲೆಯು ತೆರೆಯಿತು. ನಗರವನ್ನು 18 ವಿಭಾಗಗಳಾಗಿ ಹಂಚಿ, ಮನೆಮನೆಯ ಶುಶ್ರೂಷೆಯನ್ನು ಏರ್ಪಡಿಸಿದರು.

ಮುಂದಿನ ಮಾತು ಅಮೆರಿಕದ ನ್ಯೂಯಾರ್ಕ್ ನಗರದ್ದು. ಅಲ್ಲಿ ಲಿಲಿಯನ್ ವಾಲ್ಡ್ ಎಂಬಾಕೆ 1893ರಿಂದ ವಲಸೆ ಬಂದ ಬಡಜನರ ಕೇರಿಯಲ್ಲಿಯೇ ವಾಸಮಾಡುತ್ತ ದಾದಿಯ ಕೆಲಸವನ್ನು ನಡೆಸುತ್ತಿದ್ದಳು. ಆ ನಗರದ ಶಾಲೆಗಳಲ್ಲಿ ವೈದ್ಯರು ಮಕ್ಕಳನ್ನು ಪರೀಕ್ಷಿಸುವ ಪದ್ಧತಿ ಇದ್ದಿತು. ತಲೆಯಲ್ಲಿ ಹೇನು, ಮೈಯಲ್ಲಿ ಹುಳುಕಡ್ಡಿ, ಕಣ್ಣಿನಲ್ಲಿ ಟ್ರಕೋಮ ಕಂಡರೆ ಚೀಟಿ ಬರೆದು ಮಗುವನ್ನು ಮನೆಗೆ ಅಟ್ಟುವರು. ವೈದ್ಯರ ಕರ್ತವ್ಯ ಅಲ್ಲಿಗೆ ಮುಗಿಯಿತು. ತಾಯಿಗೆ ಆ ಚೀಟಿಯನ್ನು ಓದಲು ಬಾರದು. ಓದಿದರೂ ಏನು ಮಾಡಬೇಕೆಂಬುದು ತಿಳಿಯದು. ಶಾಲೆಯಿಂದ ಹೊರಬಿದ್ದ ಮಗು ಸಂಜೆ ಬೀದಿಯಲ್ಲಿ ಅದೇ ಸಹಪಾಠಿಗಳೊಡನೆ ಆಡುತ್ತಿತ್ತು. ರೋಗವನ್ನು ಹೊರಗೆ ಹಾಕಿದೆವೆಂದು ಶಾಲೆಯು ತಿಳಿದಿತ್ತು. ಹೊರಗೆ ಹಾಕಿದ್ದುದು ವಿದ್ಯೆಯನ್ನು.

1902ರಲ್ಲಿ ವಾಲ್ಡಳು ಒಂದು ತಿಂಗಳ ಪರೀಕ್ಷೆಗಾಗಿ ಲೀನಾ ರಾಜರ್ಸ್ ಎಂಬ ದಾದಿಯನ್ನು ನಾಲ್ಕು ಶಾಲೆಗಳಿಗೆ ಕಳುಹಿಸಿಕೊಟ್ಟಳು. ಆಕೆ ಶಾಲೆಯಲ್ಲಿಯೇ ಗಾಯವನ್ನು ತೊಳೆದು ಮದ್ದು ಹಾಕಿ ಮಗುವನ್ನು ತರಗತಿಗೆ ಹಿಂದಕ್ಕೆ ಕಳುಹಿಸಿದಳು; ಪಾಠ ಮುಗಿದ ಮೇಲೆ ಆ ಮಗುವಿನ ಮನೆಯ ಮೆಟ್ಟಿಲು ಹತ್ತಿ, ತಲೆಯನ್ನು ಹೇಗೆ ತೊಳೆಯಬೇಕೆಂದು ತಾಯಿಗೆ ಮಾಡಿ ತೋರಿಸಿದಳು. ಪ್ರಯೋಗವು ಫಲಿಸಿದ್ದರಿಂದ ನಗರಾಡಳಿತವು ಇನ್ನಷ್ಟು ದಾದಿಯರನ್ನು ನೇಮಿಸಿತು. 1902ರ ಸೆಪ್ಟೆಂಬರಿನಲ್ಲಿ ಶಾಲೆಯಿಂದ ಹೊರಗಿಟ್ಟ ಮಕ್ಕಳು 10,567. ಮರುವರ್ಷ ಅದೇ ತಿಂಗಳಿನಲ್ಲಿ 1,101. ಹೊಸ ಔಷಧವನ್ನೇನೂ ಯಾರೂ ಕಂಡುಹಿಡಿದಿರಲಿಲ್ಲ. ವೈದ್ಯನ ಚೀಟಿಗೂ ತಾಯಿಯ ಕೈಗೂ ನಡುವೆ ಇದ್ದ ದಾರಿಯನ್ನು ಒಬ್ಬಾಕೆ ನಡೆದಿದ್ದಳು, ಅಷ್ಟೆ.

ಶಾಸ್ತ್ರಜ್ಞರು ಇದನ್ನೇ ಮೂರು ಮೆಟ್ಟಿಲುಗಳಾಗಿ ವಿಂಗಡಿಸುತ್ತಾರೆ: ರೋಗವು ಬಾರದಂತೆ ತಡೆಯುವುದು, ಬಂದುದನ್ನು ಬೇಗ ಪತ್ತೆಮಾಡಿ ಮದ್ದು ಮಾಡುವುದು, ವಾಸಿಯಾದ ಮೇಲೆ ಉಳಿಯುವ ಊನವನ್ನು ಕಡಮೆಮಾಡುವುದು. ಈಕೆಯ ಲೆಕ್ಕದಲ್ಲಿ ರೋಗಿಯೆಂದರೆ ಒಬ್ಬ ವ್ಯಕ್ತಿಯಲ್ಲ, ಒಂದು ಸಂಸಾರ; ಕ್ಷಯದವನೊಬ್ಬನನ್ನು ಕಂಡರೆ ಅವನೊಡನೆ ಮಲಗುವ ಮಕ್ಕಳೂ ಆಕೆಯ ಪಟ್ಟಿಗೆ ಸೇರುತ್ತಾರೆ. ಆದರೆ ಇಲ್ಲಿ ಆಕೆಗೆ ಅಪ್ಪಣೆಕೊಡುವ ಅಧಿಕಾರವಿಲ್ಲ. ಆಕೆ ಅತಿಥಿ. ಆಕೆಯ ಕೈಚೀಲದ ನಿಯಮಗಳನ್ನೇ ನೋಡಿ: ಮನೆಯೊಳಗೆ ಕಾಗದವನ್ನು ಹಾಸಿ ಅದರ ಮೇಲೆ ಚೀಲವನ್ನಿಡಬೇಕು, ಮೊದಲು ಸೋಪನ್ನೂ ಟವಲನ್ನೂ ತೆಗೆದು ಕೈ ತೊಳೆಯಬೇಕು, ಬಳಿಕವೇ ಉಳಿದ ಸಾಮಾನಿಗೆ ಕೈಹಾಕಬೇಕು. ಒಂದು ಮನೆಯ ರೋಗವನ್ನು ಮತ್ತೊಂದಕ್ಕೆ ಒಯ್ಯದಿರಲು ಇದು ಉಪಾಯ. ಜೊತೆಗೆ, ಯಾರೂ ಉಪದೇಶಮಾಡದೆ, ಕೈ ತೊಳೆಯುವುದನ್ನು ಇಡೀ ಮನೆಯವರು ನೋಡಿದಂತೆಯೂ ಆಯಿತು.

ನಮ್ಮ ದೇಶದಲ್ಲಿ ಈ ದಾರಿಯನ್ನು ನಡೆಯುವವರು ಬಹಳ ವಿರಳರಾಗಿದ್ದರು. 1946ರಲ್ಲಿ ಪ್ರಕಟವಾದ ಭೋರ್ ಸಮಿತಿಯ ವರದಿಯಂತೆ ಆಗಿನ ಬ್ರಿಟಿಷ್ ಇಂಡಿಯದಲ್ಲಿ 6,300 ಜನರಿಗೆ ಒಬ್ಬ ವೈದ್ಯ, 43,000 ಜನರಿಗೆ ಒಬ್ಬ ದಾದಿ. ಮನೆಮನೆಗೆ ಹೋಗುವ ಹೆಲ್ತ್ ವಿಸಿಟರುಗಳಂತೂ ಒಟ್ಟು 750 ಮಂದಿ. 1918ರಲ್ಲಿಯೇ ಅವರಿಗಾಗಿ ದಿಲ್ಲಿಯಲ್ಲಿ ಶಾಲೆ ತೆರೆದಿತ್ತೆಂಬುದನ್ನು ನೆನೆದರೆ ಆ ಸಂಖ್ಯೆಯು ಇನ್ನೂ ಚಿಕ್ಕದಾಗಿ ಕಾಣುತ್ತದೆ. 2005ರ ತರುವಾಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಬಂದರು. ನಗರಗಳಲ್ಲಿಯೂ ಈಗ ಅವರನ್ನು ಕಾಣುತ್ತೇವೆ. ಅವರು ದಾದಿಯರಲ್ಲ, ಆದರೆ ನಡೆಯುವ ದಾರಿ ಅದೇ.

ಇನ್ನು ನಮ್ಮ ಮನೆಯ ಸಂಗತಿ. ಕಳೆದ ಮಳೆಗಾಲದಲ್ಲಿ ಅಂಥವರೊಬ್ಬರು ಬಾಗಿಲು ತಟ್ಟಿ, ಡೆಂಗಿಜ್ವರದ ಸಲುವಾಗಿ ನೀರಿನ ತೊಟ್ಟಿಗಳನ್ನು ನೋಡಬೇಕೆಂದರು. ನಾವು ಓದುಬರಹ ಬಲ್ಲವರು. ನಮ್ಮ ಮನೆಯಲ್ಲಿ ಕೊಳೆನೀರು ನಿಲ್ಲುವುದಿಲ್ಲವೆಂದು ಪಡಸಾಲೆಯಿಂದಲೇ ಹೇಳಿದೆವು. ಕುರ್ಚಿಯಿಂದ ಏಳಲಿಲ್ಲವೆಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಆಕೆ ವಾದಮಾಡಲಿಲ್ಲ. ಈ ಸೊಳ್ಳೆ ಕೊಳೆನೀರನ್ನು ಹುಡುಕುವುದಿಲ್ಲ ಸಾರ್, ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ ಎಂದು ಹೇಳಿ, ಬಾಗಿಲ ಪಕ್ಕದಲ್ಲಿದ್ದ ತುಳಸಿಯ ಕುಂಡವನ್ನು ಸ್ವಲ್ಪ ಎತ್ತಿದರು. ಕೆಳಗಿನ ತಟ್ಟೆಯಲ್ಲಿ ನಿಂತಿದ್ದ ನೀರಿನಲ್ಲಿ ಮರಿಹುಳುಗಳು ಕುಣಿಯುತ್ತಿದ್ದವು. ನಮ್ಮ ಮನೆಯವರನ್ನು ಕರೆದು ತೋರಿಸಿ, ತಟ್ಟೆಯನ್ನು ಮಣ್ಣಿನ ಮೇಲೆ ಬೋರಲು ಹಾಕಿ, ವಾರಕ್ಕೊಮ್ಮೆ ಹೀಗೆ ಮಾಡಿರಮ್ಮ ಎಂದರು. ಬಳಿಕ ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ತಾರೀಖನ್ನು ಬರೆದು, ಮುಂದಿನ ಮನೆಯ ಬಾಗಿಲು ತಟ್ಟಿದರು.