ಅಂತಾರಾಷ್ಟ್ರೀಯ ಸಂಬಂಧಗಳು: ಯಾರಿಗಾಗಿ ಈ ವಿಷಯ?



ಅಂತಾರಾಷ್ಟ್ರೀಯ ಸಂಬಂಧಗಳ ಅಧ್ಯಯನವೆಂದರೆ ಒಪ್ಪಂದಗಳ ಇಸವಿಗಳನ್ನು ಬಾಯಿಪಾಠ ಮಾಡುವುದೆಂದು ನೀವು ಭಾವಿಸಿರಬಹುದು. ನಾನು ಓದಿದ್ದು ವಿಜ್ಞಾನ. ಅಲ್ಲಿಂದಲೇ ಒಂದು ಉದಾಹರಣೆ ಕೊಡುತ್ತೇನೆ.

ರೆಫ್ರಿಜರೇಟರುಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳಿಂದ ಓಜೋನ್ ಪದರಕ್ಕೆ ಅಪಾಯವಿದೆಯೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. ಅನಿಲಕ್ಕೆ ಗಡಿಯಿಲ್ಲ, ಕಾನೂನಿಗಿದೆ. ಹೀಗಾಗಿ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ ಕೂಡಲೇ ಸೇರಲಿಲ್ಲ. ಹೆಚ್ಚು ಬಳಸಿದವರು ಶ್ರೀಮಂತ ರಾಷ್ಟ್ರಗಳು, ಬದಲಾವಣೆಯ ವೆಚ್ಚವನ್ನು ಬಡ ರಾಷ್ಟ್ರಗಳೇಕೆ ಹೊರಬೇಕು ಎಂಬುದು ನಮ್ಮ ವಾದವಾಗಿತ್ತು. 1990ರ ಲಂಡನ್ ಸಭೆ ನೆರವಿನ ನಿಧಿಗೆ ಒಪ್ಪಿತು. 1992ರಲ್ಲಿ ಭಾರತ ಸೇರಿತು.

ಹಾನಿ ಏನೆಂದು ರಸಾಯನಶಾಸ್ತ್ರ ಹೇಳೀತು. ವೆಚ್ಚ ಯಾರದೆಂದು ತಿಳಿಯಲು ಇತಿಹಾಸ, ಅರ್ಥಶಾಸ್ತ್ರ, ಕಾನೂನು ಎಲ್ಲವೂ ಬೇಕು. ಅವು ಒಂದೆಡೆ ಸೇರುವುದು ಈ ವಿಷಯದಲ್ಲಿ.

ನಮ್ಮ ಅನೇಕ ಕಾಲೇಜುಗಳಲ್ಲಿ ಇದನ್ನು ಬಿ.ಎ. ರಾಜ್ಯಶಾಸ್ತ್ರದ ಭಾಗವಾಗಿ ಕಲಿಸುತ್ತಾರೆ. ನೀವು ಬಿ.ಎಸ್ಸಿ. ವಿದ್ಯಾರ್ಥಿಗಳೇ? ಹಿಂಜರಿಯಬೇಡಿ. ವಿದೇಶಾಂಗ ಸೇವೆಗೆ ಆಯ್ಕೆ ನಡೆಯುವ ನಾಗರಿಕ ಸೇವಾ ಪರೀಕ್ಷೆಯನ್ನು ಯಾವುದೇ ವಿಷಯದ ಪದವೀಧರರು ಬರೆಯಬಹುದು.

ಇಂದಿನ ಪತ್ರಿಕೆಯಲ್ಲಿ ಒಂದು ವಿದೇಶ ಸುದ್ದಿಯನ್ನು ಆರಿಸಿಕೊಳ್ಳಿ. ಯಾರು ಏನು ಕೊಟ್ಟರು, ಏನು ಪಡೆದರು, ಏಕೆ ಒಪ್ಪಿದರು ಎಂದು ಕೇಳಿಕೊಳ್ಳಿ. ನಿಮ್ಮ ಮೊದಲ ಪಾಠ ಅದೇ.